ರಾದ್ಕಾಳ ಮನೆ

ಮನೆ ಕಟ್ಟಿ ನೋಡು ಅಂದವರು
ಕಟ್ಟಿದ್ದನ್ನು ಬಿಚ್ಚಿ ನೋಡು ಅಂತ ಯಾಕೋ ಅನ್ನಲಿಲ್ಲ.

ಇಪ್ಪತ್ತೆಂಟು ವರ್ಷ ಲೆಸ್ಟರಿನಲ್ಲಿ ಬಸ್ಸು ಓಡಿಸಿ
ಕೂಡಿಟ್ಟದ್ದಕ್ಕೆ ಸಿಕ್ಕಿದ್ದು ಇದು:
ಬಲ್ಗೇರಿಯಾದ ಒಂದು ಬೆಟ್ಟದಡಿ
ನಲವತ್ತು ಚಿಮಣಿಗಳ ಊರು,
ಹೊಗೆ ಏಳುವುದು ಹನ್ನೊಂದರಲ್ಲಿ.
ಅಲ್ಲಿ ಕಲ್ಲಿನ ಕಾಲು, ಮಣ್ಣಿನ ಮೈ,
ನಡು ಕುಸಿದ ಸೂರು.

ಮೊದಲ ದಿನ ಬೀಗ ತಿರುಗಿತು, ಬಾಗಿಲು ಅಲುಗಲಿಲ್ಲ.
ಪಕ್ಕದ ಸ್ತಾಂಕಾ ಬಂದಳು, ಎಂಬತ್ತರ ಆಚೆಯವಳು,
ನಮ್ಮನ್ನು ಸರಿಸಿ, ಸೊಂಟದಿಂದ ಒಂದು ಗುದ್ದು ಕೊಟ್ಟಳು.
ತೆರೆಯಿತು.
ಏನೋ ಅಂದಳು.
ಅದು "ರಾದ್ಕಾ ಹೀಗೇ ತೆಗೆಯುತ್ತಿದ್ದಳು" ಅಂತ
ನನಗೆ ತಿಳಿದದ್ದು ಮರುವರ್ಷ ಮಾರ್ಚಿಯಲ್ಲಿ,
ಭಾಷೆ ಕಿವಿಗೆ ಹತ್ತಿದ ಮೇಲೆ.

ಇಲ್ಲಿ ಹೌದೆನ್ನಲು ತಲೆ ಅಡ್ಡಡ್ಡ ಆಡಿಸುತ್ತಾರೆ,
ಇಲ್ಲವೆನ್ನಲು ಗದ್ದ ಮೇಲಕ್ಕೆತ್ತುತ್ತಾರೆ.
ನನ್ನದೋ ಹುಟ್ಟಿನಿಂದಲೇ
ಎರಡರ ನಡುವೆ ತೂಗುವ ತಲೆ.
ಹಾಗಾಗಿ ಒಂದು ಲಾರಿ ಸೌದೆ ಕೇಳಿದ್ದಕ್ಕೆ ಮೂರು ಬಂತು.
ಆ ತಪ್ಪಿನಿಂದ ಎರಡು ಚಳಿಗಾಲ ಬೆಚ್ಚಗಿದ್ದೆವು.

ಬ್ರೆಂಡಾ ಗೋಡೆ ಕೆರೆದಳು.
ನೀಲಿಯ ಕೆಳಗೆ ಹಸಿರು,
ಹಸಿರಿನ ಕೆಳಗೆ ಬೇಯಿಸಿದ ಮೊಟ್ಟೆಯ ಹಳದಿ,
ಅದರಡಿ ಮತ್ತೆ ಅದೇ ನೀಲಿ.
"ಒಬ್ಬಳೇ ಹೆಂಗಸು ಇಷ್ಟು ಸಲ ಮನಸ್ಸು ಬದಲಿಸಿದ್ದಾಳೆ,"
ಅಂದಳು, ಕಾಣದವಳ ಮೇಲೆ ಅಕ್ಕರೆ ಬಂದವಳಂತೆ.

ನಾನು ಬಿರುಕಿಗೆಲ್ಲ ಸಿಮೆಂಟು ಮೆತ್ತಿದೆ,
ಕೈ ತೊಳೆದು, ಎದೆಯುಬ್ಬಿಸಿ ನಿಂತೆ.
ಗಾರೆಯವ ಬೊಗೊಮಿಲ್ ಬಂದು ನೋಡಿದ, ಮಾತಾಡಲಿಲ್ಲ,
ತನ್ನ ಮೂಗು ತಾನೇ ಹಿಡಿದು, ಬಾಯಿ ಮುಚ್ಚಿ,
ಮುಖ ಕೆಂಪಾಗುವ ತನಕ ನಿಂತು ತೋರಿಸಿದ.
ಹಿಮ ಕರಗುವಾಗ ಗೋಡೆ ಬೆವೆತಿತು.
ಒಂದು ರಾತ್ರಿ ಸಿಮೆಂಟು ಹಪ್ಪಳದ ಹಾಗೆ ಕಳಚಿ
ಹಾಸಿಗೆಯ ಪಕ್ಕ ಬಿತ್ತು.

ಆಮೇಲೆ ಮಣ್ಣು, ಹುಲ್ಲು, ಕುದುರೆ ಲದ್ದಿ.
ತುಳಿ ಅಂದ, ತುಳಿದೆ.
ಬ್ರೇಕು ಒತ್ತುವುದರ ಹೊರತು
ಬಲಗಾಲಿಗೆ ಬೇರೇನೂ ಗೊತ್ತಿರಲಿಲ್ಲ.
ಅರ್ಧ ದಿನ ಅದು ಕಾಣದ ನಿಲ್ದಾಣಗಳಲ್ಲಿ
ನಿಂತು ನಿಂತು ಹೊರಟಿತು,
ಮಧ್ಯಾಹ್ನದ ಹೊತ್ತಿಗೆ ನಿಲ್ಲುವುದನ್ನು ಮರೆತಿತು.

ಹಂಚು ಇಳಿಸಿದಾಗ ಒಂದರ ಮೇಲೆ ನಾಯಿಯ ಹೆಜ್ಜೆ,
ಹಸಿಯಿದ್ದಾಗ ಯಾವ ಕಾಲದಲ್ಲೋ ನಡೆದದ್ದು.
ಎಲ್ಲಿಡಲಿ ಅಂತ ಬೊಗೊಮಿಲ್ ಕೇಳಲಿಲ್ಲ,
ಸೀದಾ ಹೊರಬಾಗಿಲ ಮೇಲೆ ಕೂರಿಸಿದ.
ಕಾಯಲಿ.

ಆಗಸ್ಟಿನಲ್ಲಿ ಸ್ತಾಂಕಾ ಏಣಿ ಹೊತ್ತು ಬಂದು
ನಮ್ಮ ಪ್ಲಮ್ ಮರ ಪೂರ್ತಿ ಬರಿದು ಮಾಡಿದಳು,
ಒಂದು ಮಾತು ಕೇಳದೆ.
ಬ್ರೆಂಡಾ ಕಿಟಕಿಯಲ್ಲೇ ನಿಂತು ಕುದಿದಳು.
ಅಕ್ಟೋಬರಿನಲ್ಲಿ ಮೆಟ್ಟಿಲ ಮೇಲೆ ಏಳು ಬಾಟಲಿ ರಾಕಿಯಾ.
ಅರ್ಧಕ್ಕರ್ಧ. ಲೆಕ್ಕ ನಮಗಿಂತ ಹಳೆಯದು.
ಬಾಟಲಿಗಳಿಗೆ ಕಟ್ಟಿದ ಚೀಟಿಯಲ್ಲಿ
ನಮ್ಮಿಬ್ಬರ ಹೆಸರೂ ಇರಲಿಲ್ಲ.

ಮೊನ್ನೆ ಮರಳಿನ ಲಾರಿಯವ ಫೋನು ಮಾಡಿದ.
ನನ್ನ ಹೆಸರು ಹೇಳಿದೆ, ಒಂದೊಂದೇ ಅಕ್ಷರ ಬಿಡಿಸಿ.
ಮನೆ ನಂಬರು ಹದಿನಾಲ್ಕು ಅಂದೆ.
ಹಸಿರು ಗೇಟು ಅಂದೆ, ನಾನೇ ಬಳಿದದ್ದು.
ಆಚೆ ಇಂಜಿನ್ನು ಸುಮ್ಮನೆ ಗುರುಗುಟ್ಟುತ್ತಿತ್ತು.
ಕೊನೆಗೆ ಬಾಯಿ ತಾನಾಗಿ ಅಂದಿತು:
ರಾದ್ಕಾಳ ಮನೆ.
"ಅದನ್ನು ಮೊದಲೇ ಹೇಳಬಾರದಾ?"

ನಾನು ಸೊಂಟದಿಂದ ಬಾಗಿಲು ಗುದ್ದಿ
ಅಂಗಳಕ್ಕೆ ಬರುವಷ್ಟರಲ್ಲಿ ಲಾರಿ ಒಳಗಿತ್ತು.
ಗೋಡೆಯ ಹತ್ತಿರ ಸುರಿ ಅಂತ ಕೈ ಬೀಸಿದೆ, ಕೂಗಿದೆ.
ಅವನು ತಲೆಯಾಡಿಸಿ, ಬಾವಿಯ ಪಕ್ಕ ಸುರಿದು ಹೋದ.
ಅವನಪ್ಪನ ಕಾಲದಿಂದಲೂ
ಅವಳು ಅಲ್ಲೇ ಹಾಕಿಸುತ್ತಿದ್ದಳಂತೆ.