ಕೊಡೆಯ ಬಾಬ್ತು

ದಂಡಿನ ಕಡೆಯ ಒಂದು ಚರ್ಚಿನ ಹಿಂದೆ
ಹಿಂದೆ ಕುದುರೆ ಕಟ್ಟುತ್ತಿದ್ದ ಕೋಣೆಯಲ್ಲಿ
ಈಗ ಕಾಗದ ಕಟ್ಟಿಹಾಕಿದ್ದಾರೆ.
ಬೇವಿನೆಲೆ, ನುಸಿಗುಳಿಗೆ, ಕೆಂಪು ದಾರ.
ಬೀಗದ ಕೈ ಕೊಡುವಾಗ ಪ್ರಸನ್ನರಾಜ್ ಮಾಸ್ತರದು
ದಿನವೂ ಅದೇ ಮಾತು:
'ನಿಧಾನ ಕಣಮ್ಮ, ಉಸಿರು ತಾಕಿದರೂ ಹರಿಯುತ್ತೆ.'

ನನ್ನ ಕೆಲಸ ಫೋಟೊ ತೆಗೆಯುವುದು.
ಪುಟಕ್ಕೆ ನಾಲ್ಕು ರೂಪಾಯಿ.
ಓದುವುದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.
ಓದುತ್ತೇನೆ.

ಪಾದ್ರಿ ಲಂಡನ್ನಿಗೆ ಬರೆದ ಪತ್ರಗಳ ನಕಲು:
ಈರುಳ್ಳಿ ಸಿಪ್ಪೆಯಂಥ ಹಾಳೆ, ನೇರಳೆ ಮಸಿ.
ಒಂದು ಪುಟದೊಳಕ್ಕೆ ಇನ್ನೊಂದು ಇಣುಕಿ
'ಈ ಸಲ ಹನ್ನೊಂದು ಆತ್ಮಗಳು' ಎಂಬಲ್ಲಿ
ಹಿಂದಿನಿಂದ ಬಂದು ಕೂತಿದೆ
'ಹುರುಳಿ, ಎರಡು ಮೂಟೆ'.

ಮೂರು ತಿಂಗಳಿಗೊಂದು ವರದಿ.
ಅದರಲ್ಲಿ ಕೊಯ್ಲು ಜಾಸ್ತಿ, ಸೂರ್ಯೋದಯ ಇನ್ನೂ ಜಾಸ್ತಿ.
ಪೇಟೆಯ ಹೆಂಗಸರೆಲ್ಲ ಕತ್ತಲಲ್ಲಿ ಕೂತು
ಬೆಳಕಿಗೆ ಕಾಯುತ್ತಿದ್ದಾರಂತೆ.
ಅಡುಗೆಮನೆಯಲ್ಲಿ ಕೂತಿದ್ದರು ಸ್ವಾಮಿ,
ಅಷ್ಟು ಹೊತ್ತಿನಲ್ಲಿ ಇನ್ನೆಲ್ಲಿ ಕೂರುತ್ತಾರೆ?

ವರದಿಯಲ್ಲಿ ಹೆಸರಿಲ್ಲದ ಒಬ್ಬಳು
ಖರ್ಚಿನ ಪುಸ್ತಕದಲ್ಲಿ ಸಿಗುತ್ತಾಳೆ.
ಬೈಬಲ್ ಹೆಂಗಸು ಪರಂಜ್ಯೋತಿ, ಸಂಬಳ ಐದು ರೂಪಾಯಿ.
ಇಂಗ್ಲಿಷಿನಲ್ಲಿ ಅವಳ ಹೆಸರು ಮೂರು ಥರ ಬರೆದಿದ್ದಾರೆ.
ಶೂಲೆಯಿಂದ ಹೊರಟು, ಸಂಪಂಗಿ ಕೆರೆಯ ಏರಿ ಹಿಡಿದು,
ಹಲಸೂರು ಬಾಗಿಲು ದಾಟಿ ಅರಳೆಪೇಟೆ, ಬಳೇಪೇಟೆ,
ಗಂಡಸರು ಅಂಗಡಿಗೆ ಹೋದ ಮೇಲೆ ಮನೆ ಮನೆ.
ಒಳಗೆ ಬಿಡದ ಕಡೆ ಜಗಲಿಯಲ್ಲೇ
ಒಂದು ಅಧ್ಯಾಯ, ಒಂದು ಕೀರ್ತನೆ, ಉಲ್ಲನ್ ಹೆಣಿಗೆ.
ಅವಳು ಎದ್ದು ಹೋದ ಜಾಗಕ್ಕೆ ನೀರು ಚಿಮುಕಿಸುತ್ತಿದ್ದರೋ ಏನೋ,
ಅದಕ್ಕೆ ದಾಖಲೆಯಿಲ್ಲ.

ಇಡೀ ಪುಸ್ತಕದಲ್ಲಿ ಕನ್ನಡ ಅಂತ ಇರುವುದು
ತಿಂಗಳಿಗೊಮ್ಮೆ, ಬಲತುದಿಯ ಕಲಮಿನಲ್ಲಿ,
ದಪ್ಪ ದುಂಡು ಅಕ್ಷರ:
'ಪರಂಜೋತಿ. ಮುಟ್ಟಿತು.'
ಸಂಬಳ ಮುಟ್ಟಿತು.
ಯಾರೂ ಮುಟ್ಟದ ಕೈಯಲ್ಲಿ ಬರೆದದ್ದು,
ಮುಟ್ಟಿತು, ಮುಟ್ಟಿತು, ಮುಟ್ಟಿತು,
ಇಪ್ಪತ್ತೆಂಟು ತಿಂಗಳು.

೧೮೯೬ ಜೂನ್: ಪರಂಜ್ಯೋತಿ ಕೊಡೆ ಕೇಳಿದ್ದಾಳೆ.
ಮುಂದಿನ ಸಭೆಗೆ ಇಡುವುದು.
೧೮೯೭ ಜುಲೈ: ಕೊಡೆ ಅನಗತ್ಯ.
ಇಲ್ಲಿನ ಹೆಂಗಸರಿಗೆ ಸೆರಗು ಇದೆ.
ಅದರ ಕೆಳಗೇ, ಪಾದ್ರಿಯ ಕುದುರೆಗೆ
ಮಳೆಗಾಲದ ಹೊದಿಕೆ, ಮೂರೂಮುಕ್ಕಾಲು ರೂಪಾಯಿ.

ಆ ಪುಟ ತಿರುಗಿಸಿ ಹೊರಗೆ ಹೋಗಿ
ಚಹಾ ಕುಡಿದು ಬಂದೆ.

೧೮೯೮. ಪ್ಲೇಗು.
ಕತ್ತಲ ಮನೆಗಳಿಗೆ ಕೊನೆಗೂ ಬೆಳಕು ಬಂತು,
ಸರಕಾರದವರು ಸೂರಿನ ಹೆಂಚು ಕಿತ್ತಾಗ.
ಪೇಟೆಗೆ ಹೋಗಬೇಡ ಎಂದು ಅವಳಿಗೆ ಹೇಳಿದರಂತೆ.
ಹೋದಳಂತೆ.
ನವೆಂಬರಿನಲ್ಲಿ ನಮೂದು: 'ಕೊಡೆ, ಕಪ್ಪು, ಒಂದು.
ಒಂದು ರೂಪಾಯಿ ಎರಡಾಣೆ. ಪರಂಜ್ಯೋತಿ ಬಾಬ್ತು.'
ಬಲತುದಿಯ ಕಲಮು ಖಾಲಿ.

ಸಮಾಧಿ ರಿಜಿಸ್ಟರು ಬೇರೆ ಕಪಾಟಿನಲ್ಲಿದೆ.
ಅಕ್ಟೋಬರ್ ಹತ್ತೊಂಬತ್ತು. ವಯಸ್ಸು ಸುಮಾರು ನಲವತ್ತು.
ತಂದೆಯ ಹೆಸರು ತಿಳಿಯದು.
ಮೂರು ಸಾಲು ಮೇಲೆ
ಪಾದ್ರಿಯದೇ ಮಗು, ಎಂಟು ತಿಂಗಳು.
ಅದೇ ಕೈಬರಹ, ಅದೇ ಮಸಿ,
ತಂದೆಯ ಹೆಸರಿನ ಜಾಗದಲ್ಲಿ ಅವನೇ ಅವನ ಹೆಸರು ಬರೆದಿದ್ದಾನೆ,
ಲೇಖಣಿ ಒತ್ತಿ ಹಾಳೆ ತೂತಾಗಿದೆ.
ಬೆಳಗಿನಿಂದ ಸಾಕಿದ್ದ ಸಿಟ್ಟು
ಕೈಯಲ್ಲೇ ಉಳಿಯಿತು, ಒದ್ದೆ ಕೊಡೆಯ ಹಾಗೆ,
ಎಲ್ಲಿ ಇಡಬೇಕೋ ತಿಳಿಯದೆ.

ಪುಟಕ್ಕೊಂದು ವಿಷಯ ನಮೂದಿಸಬೇಕು. ಕಂಪ್ಯೂಟರಿನ ಪಟ್ಟಿಯಲ್ಲಿ
ಶಿಕ್ಷಣ ಇದೆ, ವೈದ್ಯ ಇದೆ, ಮತಾಂತರ, ಕಟ್ಟಡ ದುರಸ್ತಿ.
'ಮಾಸ್ತರೇ, ಕೊಡೆ ಎಲ್ಲಿ ಬರುತ್ತೆ?'
ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿ
'ಇತರೆ' ಅಂದರು.

ನವೆಂಬರಿನ ಆ ಪುಟವನ್ನು ಎರಡು ಸಲ ತೆಗೆದೆ.
ಎರಡನೆಯದಕ್ಕೆ ದುಡ್ಡಿಲ್ಲ.
ದೀಪ ಸ್ವಲ್ಪ ಬಲಕ್ಕೆ ಸರಿಸಿ,
ಖಾಲಿ ಜಾಗ ಸರಿಯಾಗಿ ಬೀಳಲಿ ಅಂತ.