ಅರಳೆ ಬಿಲ್ಲು

ವನಮಾಲಾ ಟೀಚರ್ ನಮ್ಮಂಗಡಿಗೆ ಬಂದದ್ದು
ಎರಡು ದಿಂಬು ಹೊಲಿಸಲಿಕ್ಕೆ.
ಕಣ್ಣು ಹೋದದ್ದು ಗೋಡೆಯ ಮೊಳೆಗೆ,
ಅಲ್ಲಿ ನೇತುಬಿದ್ದ ತಾತನ ಬಿಲ್ಲಿಗೆ.
ಮೋಟಾರು ಬಂದಮೇಲೆ ಅದಕ್ಕೇನು ಕೆಲಸ,
ಹಳೇ ವೈರು ಸುತ್ತಿಡಲು ಒಂದು ಕೊಂಕು, ಅಷ್ಟೆ.

‘ಇದು ವೀಣೆ’ ಅಂದರು.
ನಾನು ನಕ್ಕೆ.
‘ನಗಬೇಡವೇ, ವೀಣೆ ಅಂದರೆ ಮೊದಲು ಇಂಥದೇ.
ಬುರುಡೆ, ಮೇಣ, ಮೆಟ್ಟಿಲು ಎಲ್ಲ ಆಮೇಲೆ ಬಂದ ನೆಂಟರು.
ಮೊದಲಿಗೆ ಬಾಗಿದ ಕೊಂಬೆ,
ಬುಡದಲ್ಲಿ ತೊಗಲು ಹೊದ್ದ ಪುಟ್ಟ ದೋಣಿ,
ನಡುವೆ ಉದ್ದ ಗಿಡ್ಡ ನರಗಳು.
ಒಂದು ನರಕ್ಕೆ ಒಂದೇ ಸ್ವರ,
ಹರಿಯುವ ತನಕ ಅದೇ ಸ್ವರ.’

ಯಾವುದೋ ಚಿನ್ನದ ನಾಣ್ಯದ ಮೇಲೆ
ರಾಜನೊಬ್ಬ ತೊಡೆಯ ಮೇಲಿಟ್ಟು ನುಡಿಸುತ್ತಾನಂತೆ.
ತಮಿಳರು ಯಾಳ್ ಅಂದರಂತೆ, ಇಂಗ್ಲಿಷಿನವರು ಹಾರ್ಪ್.
ಬರ್ಮಾದಲ್ಲಿ ಇನ್ನೂ ಬದುಕಿದೆಯಂತೆ.
‘ಮತ್ತೆ ಬೇಲೂರಲ್ಲಿ?’

ಬಾ ಅಂತ ಕರೆದುಕೊಂಡು ಹೋದರು.
ಬಿಸಿಲಿಗೆ ಕಾದ ಜಗಲಿಯ ಮೇಲೆ ಬರಿಗಾಲಲ್ಲಿ
ಕುಣಿಯುತ್ತಲೇ ಸುತ್ತು ಹಾಕಿದೆವು.
ಮದ್ದಳೆ ಇತ್ತು, ತಾಳ ಇತ್ತು, ಕೊಳಲಿತ್ತು,
ಬುರುಡೆ ಹೊತ್ತ ಉದ್ದ ವೀಣೆಯೂ ಇತ್ತು.
ಬಿಲ್ಲೂ ಇತ್ತು, ಬೇಟೆಗೆ ನಿಂತವಳ ಕೈಯಲ್ಲಿ,
ಹಾಡುವ ಬಿಲ್ಲು ಮಾತ್ರ ನಮಗೆ ಸಿಗಲಿಲ್ಲ.
‘ಈ ಕಲ್ಲಿಗೆ ಉಳಿ ತಾಗುವ ಹೊತ್ತಿಗೆ
ಅದು ಹೋಗಿಯೇ ಎಷ್ಟೋ ತಲೆಮಾರು.’
ಯಾರೂ ಅಳಲಿಲ್ಲವೇ ಅಂತ ಕೇಳಿದೆ.
‘ಹೆಸರು ಉಳಿಯಿತಲ್ಲ.
ತೀರಿಕೊಂಡ ಅಜ್ಜಿಯ ಹೆಸರು ಮೊಮ್ಮಗಳಿಗೆ ಇಟ್ಟ ಹಾಗೆ.’

ನನಗೂ ಅಜ್ಜಿಯದೇ ಹೆಸರು, ಫಾತಿಮಾಬಿ.

ತಾತ ಬುಡನ್ ಸಾಬಿ
ಜಾವಗಲ್ಲಿಂದ ನಡೆದೇ ಬರುತ್ತಿದ್ದ,
ಹೆಗಲಲ್ಲಿ ಬಿಲ್ಲು, ಕಂಕುಳಲ್ಲಿ ಕೊಡತಿ.
ಕೂಗುತ್ತಿರಲಿಲ್ಲ.
ಬೀದಿಯ ಬಾಯಲ್ಲಿ ನಿಂತು ನರ ಒಮ್ಮೆ ಮಿಡಿದರೆ
ಜಗುಲಿಗಳೆಲ್ಲ ಹಾಸಿಗೆ ಹೊತ್ತು ಬರುತ್ತಿದ್ದವು.
ಬಾಣಂತಿಯ ಹಾಸಿಗೆ, ಹೆಣ ಎತ್ತಿದ ಹಾಸಿಗೆ,
ಯಾವುದು ಏನೆಂದು ಕೇಳಿದವನಲ್ಲ.
ಗಂಟುಗಟ್ಟಿದ ಹತ್ತು ವರ್ಷದ ನಿದ್ದೆ
ಟಂಯ್ ಟಂಯ್ ಎಂದು ಬಿಡಿಸಿಕೊಂಡು
ಮಂಜಿನಂತೆ ಮೇಲೆದ್ದು
ಅವನ ಹುಬ್ಬಿನ ಮೇಲೆ ಕೂರುತ್ತಿತ್ತು.

ಆಡಿನ ಕರುಳು ತಂದು, ತೊಳೆದು, ಹೊಸೆದು
ನೆರಳಿಗೆ ಕಟ್ಟುತ್ತಿದ್ದವಳು ಅಜ್ಜಿ.
‘ಕರುಳು ಮಿಡಿಯಿತು ಅಂತಾರೆ ಜನ ಸುಮ್ಮನೆ,
ಮಿಡಿದು ನೋಡಿದವರು ನಾವು.’

ಏಳು ನರ ಕಟ್ಟೋಣ ಅಂದರು ಟೀಚರ್.
ಕರುಳು ಹೊಸೆಯುವವರು ಈಗ ಯಾರಿದ್ದಾರೆ?
ಹಾಸನದ ಆಟದ ಸಾಮಾನಿನ ಅಂಗಡಿಯಿಂದ
ಬ್ಯಾಡ್ಮಿಂಟನ್ ಬ್ಯಾಟಿನ ದಾರ ತಂದೆ, ಆರು ಎಳೆ.
ಏಳನೆಯದು ತಾತ ಕಟ್ಟಿದ್ದ ಹಳೆಯದೇ, ಮಾಸಿದ್ದು.
ಎಳೆದಂತೆಲ್ಲ ಮರ ನರಳಿತು.
ಸ ಬಂತು, ಪ ಬಂತು,
ಗ ಎಷ್ಟು ಬೇಡಿದರೂ ಬರಲಿಲ್ಲ.
ಕೊಂಕಿನ ಸಂದಿನಿಂದ ಹಳೇ ಅರಳೆ ಉದುರಿ
ಟೀಚರ್ ಮೂರು ಸಲ ಸೀನಿದರು.
ಒಳಗೆ ಅಪ್ಪ ಮೋಟಾರು ನಿಲ್ಲಿಸಿದ.
ಯಾಕೆಂದು ಹೇಳಲಿಲ್ಲ, ನಾವೂ ಕೇಳಲಿಲ್ಲ.

ರಾತ್ರಿ ಯಗಚಿ ಕಡೆಯ ಥಂಡಿಗೆ
ಆರೂ ದಾರ ಜೋತುಬಿದ್ದವು.
ಬೆಳಿಗ್ಗೆ ಷಟರ್ ಎತ್ತಿದವಳು
ಉಳಿದ ಒಂದನ್ನು ಮಿಡಿದೆ, ಯಾರಿಗೂ ಅಲ್ಲ.
ಎದುರುಮನೆಯ ಕಿಟಕಿ ತೆರೆಯಿತು.
ಕಣ್ಣು ಮಬ್ಬಾದ ಕೆಂಚಮ್ಮಜ್ಜಿ:
‘ಹಿಂಜೋಕೆ ಎಷ್ಟಪ್ಪ ಈಗ?’
ಮೆಶಿನ್ನಿಗೆ ಕಿಲೋಗೆ ಇಷ್ಟು ಅಂದೆ.
‘ಮೆಶಿನ್ನಲ್ಲ. ಇದಕ್ಕೆ.’

ಬೋರ್ಡು ನೋಡಿದೆ.
ಅದರ ರೇಟು ಬರೆದಿರಲಿಲ್ಲ.