ಹೊದಿಯುವ ಮೊದಲು

ಹೆಸರಲ್ಲೇ ಮಂಜು ಇದೆ ನಮ್ಮೂರಿಗೆ.
ಮಂಜೇಶ್ವರದ ಒಂದು ಅಂಗಡಿಯಲ್ಲೂ
ಉಣ್ಣೆಯ ಕಾಲುಚೀಲ ಸಿಗುವುದಿಲ್ಲ.
ಡಿಸೆಂಬರಿನಲ್ಲೂ ಬೆನ್ನಿಗಂಟುವ ಬನಿಯನ್ನು.
ಇಲ್ಲಿ ಚಳಿ ಅಂತ ಇರುವುದು ಒಂದೇ ಕಡೆ:
ಬಂದರಿನ ದಾರಿಯ ಈ ಐಸ್ ಪ್ಲಾಂಟಿನ
ಹಿಂದಿನ ಕೋಣೆ. ಅದರ ಬೀಗದ ಕೈ
ಮೂವತ್ತೊಂದು ವರ್ಷದಿಂದ ನನ್ನ ಸೊಂಟದಲ್ಲಿ.

ನಿಶ್ಮಿತಾ ಬಂದಳು, ಜೊತೆಗೆ ಉಪ್ಪಳದ ರಂಸೀನಾ.
"ದೂಮಣ್ಣ, ಒಂದು ರಾತ್ರಿ ನಮ್ಮನ್ನು ಒಳಗೆ ಮಲಗಿಸಿ."
ಜನವರಿಗೆ ಹಿಮಾಚಲವಂತೆ, ಕಾಲೇಜಿನಿಂದ ಹನ್ನೊಂದು ಜನ,
ಮೂರು ರಾತ್ರಿ ಹಿಮದ ಮೇಲೆ ಗೂಡಾರವಂತೆ.
ಚಳಿಯನ್ನು ಮೊದಲೇ ಒಮ್ಮೆ ನೋಡಿಬರಬೇಕಂತೆ,
ಗಂಡಿನ ಮನೆ ನೋಡಿಬರುವ ಹಾಗೆ.

ಐಸ್ ಪುಡಿಮಾಡುವ ಯಂತ್ರದ ಪಕ್ಕ ಗಂಟು ಬಿಚ್ಚಿದರು:
ಮಂಗಳೂರಿನಿಂದ ಬಾಡಿಗೆಗೆ ತಂದ ಎರಡು ಸ್ಲೀಪಿಂಗ್ ಬ್ಯಾಗು,
ಒಂದರ ಜಿಪ್ಪು ಮೊಣಕಾಲಿನ ಹತ್ತಿರ ಮುನಿಸಿಕೊಂಡಿದೆ;
ರಂಸೀನಳ ಉಪ್ಪ ಶಾರ್ಜಾದ ಕೋಲ್ಡ್ ಸ್ಟೋರೇಜಿನಲ್ಲಿ
ಹದಿನೆಂಟು ವರ್ಷ ತೊಟ್ಟ ಜಾಕೆಟ್,
ತೋಳಿನಲ್ಲಿ ಇನ್ನೂ ಅರಬಿಯಲ್ಲಿ ಕಂಪೆನಿಯ ಹೆಸರು;
ಟಾರ್ಚು, ಸೀಟಿ, ಖರ್ಜೂರ, ಚಿಕ್ಕಿ,
ಅಮ್ಮ ಒತ್ತಾಯಿಸಿ ತುರುಕಿದ ವಿಕ್ಸ್ ಡಬ್ಬಿ.
ಹತ್ತಿಯ ಬನಿಯನ್ನು ನಾನೇ ಎತ್ತಿ ಆಚೆ ಇಟ್ಟೆ.
ಬೆವರು ಕುಡಿದ ಹತ್ತಿ
ಚಳಿಯ ಪರ ಸಾಕ್ಷಿ ಹೇಳುತ್ತದೆ.

ಐತಪ್ಪನ ಕಥೆಯನ್ನೂ ಹೇಳಿದೆ.
ಆ ವರ್ಷ ಬಾಗಿಲು ಹೊರಗಿಂದ ಕಚ್ಚಿಕೊಂಡಿತು,
ಉಪ್ಪುನೀರಲ್ಲಿ ತೊಯ್ದ ಅಂಗಿಯಲ್ಲಿ ಎರಡು ಗಂಟೆ ಒಳಗಿದ್ದ.
ಮೊದಲು ನಡುಗಿದನಂತೆ. ನಡುಗುವುದು ಒಳ್ಳೆಯದು.
ಆಮೇಲೆ ನಡುಕ ನಿಂತಿತು.
ನಾವು ಬಾಗಿಲು ಮೀಟಿದಾಗ ನಗುತ್ತಿದ್ದ,
ಸೆಕೆ ಸೆಕೆ ಅನ್ನುತ್ತ ಅಂಗಿ ಬಿಚ್ಚುತ್ತಿದ್ದ.
ಬದುಕಿದ. ಒಳಗಿನ ಹಗ್ಗ, ಗಂಟೆ, ಅವತ್ತಿನಿಂದ.
"ಅಲ್ಲಿ ಯಾರಾದರೂ ಸೆಕೆ ಅಂದರೆ," ಅಂದೆ, "ನಂಬಬೇಡಿ."
ನಿಶ್ಮಿತಾ ನಕ್ಕಳು: "ನಮ್ಮೂರಲ್ಲಿ ಎಲ್ಲರೂ ಅನ್ನುತ್ತಾರಲ್ಲ!"
ರಂಸೀನಾ ನಗಲಿಲ್ಲ, ಬರೆದುಕೊಂಡಳು.

ಗಂಟೆಗೊಮ್ಮೆ ಬಾಗಿಲು ತೆರೆಯುವುದು ಅಂತ ಒಪ್ಪಂದ.
ತೆರೆದಾಗ ಇಬ್ಬರೂ ಕಾಸರಗೋಡಿನಿಂದ ಮಂಗಳೂರಿಗೆ
ಸ್ಟೇಷನ್ನುಗಳನ್ನು ಸಾಲಾಗಿ ಹೇಳಬೇಕು.
ನಾಲಿಗೆ ತೊಡರಿದರೆ ಹೊರಗೆ. ವಾದವಿಲ್ಲ.

ಹತ್ತಕ್ಕೆ ರೈಲು ಸರಿಯಾಗಿ ಓಡಿತು. ಹನ್ನೊಂದಕ್ಕೂ. ಹನ್ನೆರಡಕ್ಕೂ.
ಒಂದಕ್ಕೆ ನಿಶ್ಮಿತಾ ಕುಂಬಳೆ ಅಂದಳು, ಉಪ್ಪಳ ಅಂದಳು,
ಆಮೇಲೆ ಉಳ್ಳಾಲ.
ತನ್ನ ಊರನ್ನೇ ಬಿಟ್ಟು.

ಇಬ್ಬರನ್ನೂ ಹೊರಗೆ ಕೂರಿಸಿ ಬೆಲ್ಲದ ಕಾಪಿ ಕೊಟ್ಟೆ.
"ಮೇಲೆ ಚಳಿಯಿಲ್ಲ ದೂಮಣ್ಣ. ಬೆನ್ನು.
ಕೆಳಗಿನಿಂದ ಯಾರೋ ಹೀರುತ್ತಿದ್ದಾರೆ."

ನನ್ನದೇ ಕಸುಬು, ಹೇಳಲು ಹೊಳೆದಿರಲಿಲ್ಲ.
ಐಸಿಗೆ ನಾವು ಮೊದಲು ಹೊದಿಸುವುದಲ್ಲ, ಹಾಸುವುದು.
ಉಮಿ, ಅದರ ಮೇಲೆ ಗೋಣಿ, ಆಮೇಲೆ ಗಡ್ಡೆ.
ಗಾಳಿ ಕದಿಯುವುದು ಚೂರುಪಾರು,
ನೆಲ ಕೊಳ್ಳೆ ಹೊಡೆಯುತ್ತದೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು ಹಿರಿಯರು;
ಎಷ್ಟು ದಪ್ಪ ಅಂತ ಯಾರೂ ಹೇಳಲಿಲ್ಲ.

ಉಮಿ ತುಂಬಿದ ಎರಡು ಗೋಣಿ ಎಳೆದು ಹಾಕಿದೆ.
ನಿಶ್ಮಿತಾ ನನ್ನನ್ನು ತಡವರಿಸದೆ ಬಯ್ಯುವಷ್ಟು
ಬೆಚ್ಚಗಾದ ಮೇಲೆಯೇ ಒಳಗೆ ಬಿಟ್ಟೆ,
ಅರ್ಧ ಗಂಟೆಗೊಮ್ಮೆ ಬಡಿದೆ.
ನಾಲ್ಕಕ್ಕೆ ರೈಲು ಮಂಗಳೂರು ಮುಟ್ಟಿತು,
ನೇತ್ರಾವತಿ ಸೇತುವೆಯನ್ನೂ ಸೇರಿಸಿಕೊಂಡು.

ಬೆಳಿಗ್ಗೆ ಬೋಟುಗಳಿಗೆ ಐಸ್ ಹೊಡೆಯುವ ಹೊತ್ತಿಗೆ
ರಂಸೀನಾ ಒಂದು ಹಾಳೆ ಕೊಟ್ಟಳು:
ಹನ್ನೊಂದು ಹೆಸರು, ರಕ್ತದ ಗುಂಪು, ಹೋಗುವ ದಾರಿ,
ಇಳಿಯುವ ದಿನ, ಇಳಿಯದಿದ್ದರೆ ಯಾವಾಗ ಯಾರಿಗೆ ಫೋನು.
ಒಂದು ಪ್ರತಿ ಮನೆಗೆ, ಒಂದು ಕಾಲೇಜಿಗೆ,
ಒಂದು ನಿಮಗೆ ಅಂದಳು.
ಅಮೋನಿಯಾ ಎಚ್ಚರಿಕೆಯ ಕೆಳಗೆ ಅಂಟಿಸಿದ್ದೇನೆ.

ಹದಿನೇಳು, ಸಂಜೆ ಆರು, ಅಂತ ಇದೆ ಅದರಲ್ಲಿ.
ಇವತ್ತು ಹದಿನೈದು.
ಬಾಗಿಲು ಹಾಕುವ ಮೊದಲು ಒಳಗೆ ಇಣುಕುತ್ತೇನೆ,
ಯಾರೂ ಇಲ್ಲ ಅಂತ ಗೊತ್ತಿದ್ದೂ.
ಕುಂಬಳೆ, ಅನ್ನುತ್ತೇನೆ. ಉಪ್ಪಳ, ಅನ್ನುತ್ತೇನೆ.
ಉಮಿಯ ಗೋಣಿಗಳು ಅಲ್ಲೇ ಇವೆ,
ಎರಡು ಬೆನ್ನಿನ ತಗ್ಗು ಇಟ್ಟುಕೊಂಡು.